ಆದೇಶ ಎಲ್ಲಿದೆ, ತೋರಿಸಿ

ಕೇಳುಗರಿಗೆ ನಮಸ್ಕಾರ.

ಒಂದು ಟಿವಿ ಚಾನೆಲಿನ ಬಾಯಿ ಮುಚ್ಚಿಸಬೇಕು ಅಂತ ಸರ್ಕಾರಕ್ಕೆ ಅನಿಸಿದರೆ ಅದು ಯಾರ ಬಾಗಿಲು ತಟ್ಟುತ್ತದೆ? ಸ್ಟುಡಿಯೊ ತನ್ನ ನೆಲದಲ್ಲೇ ಇದ್ದರೆ ಚಾನೆಲಿನ ಬಾಗಿಲನ್ನೇ ತಟ್ಟಬಹುದು. ಸ್ಟುಡಿಯೊ ಬೈರೂತಿನಲ್ಲೋ ಟೆಹರಾನಿನಲ್ಲೋ ಮಾಸ್ಕೋದಲ್ಲೋ ಇದ್ದರೆ? ಆಗ ಕೈಗೆ ಸಿಗುವವನು ಉಪಗ್ರಹದ ಮಾಲೀಕ. ಅಂಥ ಒಂದು ಕಂಪನಿಯ ಬಗ್ಗೆ ಇವತ್ತು ಮಾತಾಡೋಣ. ಅದು ಫ್ರಾನ್ಸಿನ ಯೂಟೆಲ್‌ಸ್ಯಾಟ್.

1977ರಲ್ಲಿ ಯುರೋಪಿನ ಸರ್ಕಾರಗಳೇ ಸೇರಿ ಕಟ್ಟಿದ ಸಂಸ್ಥೆ ಇದು, 2001ರಲ್ಲಿ ಖಾಸಗಿಯಾಯಿತು. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುವ ಇದರ ಉಪಗ್ರಹಗಳು ಯುರೋಪು, ಉತ್ತರ ಆಫ್ರಿಕ, ಮಧ್ಯಪ್ರಾಚ್ಯದ ಮನೆಮನೆಯ ಡಿಶ್‌ಗಳಿಗೆ ಚಾನೆಲ್‌ಗಳನ್ನು ಸುರಿಯುತ್ತವೆ. ಉಪಗ್ರಹ ಮಾಡುವ ಕೆಲಸ ಬಹಳ ಸರಳ. ನೆಲದಿಂದ ಬಂದ ಸಂಕೇತವನ್ನು ಹಿಡಿದು, ಅದರ ಆವರ್ತಾಂಕ ಬದಲಿಸಿ, ಬಲ ತುಂಬಿ ಮತ್ತೆ ಕೆಳಗೆ ಕಳಿಸುತ್ತದೆ, ಅಷ್ಟೆ. ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿ ಕೂತ ಎಂಜಿನಿಯರಿಗೂ ಉಪಗ್ರಹದ ಆರೋಗ್ಯ ಮುಖ್ಯ, ಅದರಲ್ಲಿ ಹಾದುಹೋಗುವ ಧಾರಾವಾಹಿಯಲ್ಲ. ಹಾಗಾಗಿ ಇಂಥ ಕಂಪನಿಗಳ ಮಾಮೂಲಿ ಉತ್ತರ ಲಾರಿ ಮಾಲೀಕನ ಉತ್ತರದಂತೆಯೇ ಇರುತ್ತದೆ: ಬಾಡಿಗೆ ನನ್ನದು, ಮೂಟೆಯೊಳಗಿನದು ನಿಮ್ಮದು. ಇಳಿಸಬೇಕಾದರೆ ಅಧಿಕಾರ ಇರುವವರ ಆದೇಶ ತನ್ನಿ.

2004ರಲ್ಲಿ ಅಂಥ ಆದೇಶ ಬಂತು. ಲೆಬನಾನಿನ ಹಿಜ್ಬುಲ್ಲಾ ಸಂಘಟನೆಯ ಅಲ್‌ ಮನಾರ್ ಚಾನೆಲ್ ಯಹೂದಿ ದ್ವೇಷ ಬಿತ್ತುತ್ತಿದೆ ಎಂಬ ದೂರಿನ ಮೇಲೆ, ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯವಾದ ಕೊನ್ಸೈ ದೆತಾ, 48 ಗಂಟೆಯೊಳಗೆ ಅದನ್ನು ನಿಲ್ಲಿಸಿ ಎಂದು ಯೂಟೆಲ್‌ಸ್ಯಾಟ್‌ಗೆ ಹೇಳಿತು. ತೊಡಕು ಬಂದದ್ದು ತಾಂತ್ರಿಕವಾಗಿ. ಡಿಜಿಟಲ್ ಪ್ರಸಾರದಲ್ಲಿ ಹಲವು ಚಾನೆಲ್‌ಗಳನ್ನು ನೆಲದಲ್ಲೇ ಒಂದು ಕಟ್ಟಾಗಿ ಕಟ್ಟಿ ಮೇಲಕ್ಕೆ ಕಳಿಸುತ್ತಾರೆ. ಉಪಗ್ರಹದಲ್ಲಿ ಸ್ವಿಚ್ ಆರಿಸಿದರೆ ಕಟ್ಟಿಗೆ ಕಟ್ಟೇ ಹೋಗುತ್ತದೆ. ಅಲ್‌ ಮನಾರ್ ಜೊತೆಗೆ ಏನೂ ತಪ್ಪು ಮಾಡದ ಬೇರೆ ಅರಬ್ ಚಾನೆಲ್‌ಗಳೂ ಕತ್ತಲಾಗಬೇಕಿತ್ತು. ಕೊನೆಗೆ ಅಲ್‌ ಮನಾರ್ ತಾನೇ ಹಿಂದೆ ಸರಿಯಿತು.

ಇನ್ನು 2008. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಕಾಡುವ ಭಾಗ ಇದೇ. ನ್ಯೂ ಟ್ಯಾಂಗ್ ಡೈನಾಸ್ಟಿ ಎಂಬ ಚೀನೀ ಭಾಷೆಯ ಚಾನೆಲನ್ನು ನ್ಯೂಯಾರ್ಕಿನಿಂದ, ಚೀನಾ ಸರ್ಕಾರ ನಿಷೇಧಿಸಿದ ಫಾಲುನ್ ಗಾಂಗ್ ಎಂಬ ಆಧ್ಯಾತ್ಮಿಕ ಪಂಥದ ಅನುಯಾಯಿಗಳು ನಡೆಸುತ್ತಿದ್ದರು. ಬೀಜಿಂಗ್ ಒಲಿಂಪಿಕ್ಸ್‌ಗೆ ಎರಡು ತಿಂಗಳೂ ಇರಲಿಲ್ಲ. ಜೂನ್ 16ರಂದು ಏಷ್ಯಾದ ಮೇಲೆ ಅದರ ಪ್ರಸಾರ ನಿಂತುಹೋಯಿತು. ಉಪಗ್ರಹದ ವಿದ್ಯುತ್ ವ್ಯವಸ್ಥೆ ಕೆಟ್ಟಿದೆ, ಕೆಲವು ಗ್ರಾಹಕರನ್ನು ಬಿಡಲೇಬೇಕಾಯಿತು ಅಂದಿತು ಯೂಟೆಲ್‌ಸ್ಯಾಟ್. ಮರುತಿಂಗಳು, ಪತ್ರಕರ್ತರ ಹಕ್ಕಿಗಾಗಿ ಹೋರಾಡುವ ‘ರಿಪೋರ್ಟರ್ಸ್ ವಿತೌಟ್ ಬಾರ್ಡರ್ಸ್’ ಒಂದು ದೂರವಾಣಿ ಸಂಭಾಷಣೆಯ ಧ್ವನಿಮುದ್ರಣ ಹೊರಹಾಕಿತು. ಚೀನೀ ಅಧಿಕಾರಿಯ ಸೋಗಿನಲ್ಲಿ ಯಾರೋ ಮಾಡಿದ ಕರೆಗೆ, ಚೀನಾವನ್ನು ಒಲಿಸಿಕೊಳ್ಳಲೆಂದೇ ಚಾನೆಲ್ ತೆಗೆದದ್ದು ಎಂಬರ್ಥದಲ್ಲಿ ಕಂಪನಿಯ ಬೀಜಿಂಗ್ ಕಚೇರಿಯವರು ಉತ್ತರಿಸಿದ್ದರು ಎಂಬುದು ಆರೋಪ. ಕಂಪನಿ ಅಲ್ಲಗಳೆಯಿತು. ಯಂತ್ರದೋಷ ಕಟ್ಟುಕಥೆಯಲ್ಲ, ಉಪಗ್ರಹ ನಿಜವಾಗಿ ಕೆಟ್ಟಿತ್ತು. ಆದರೆ ಗ್ರಾಹಕರಲ್ಲಿ ಯಾರನ್ನು ಬಿಡುವುದು ಅಂತ ಆರಿಸಿದ್ದು ಯಂತ್ರವಲ್ಲವಲ್ಲ. ಆದೇಶದ ಕಾಗದವೇ ಇಲ್ಲ ಅಂದಮೇಲೆ ಚಾನೆಲಿನವರು ಯಾವ ಕೋರ್ಟಿನಲ್ಲಿ ಏನನ್ನು ಪ್ರಶ್ನಿಸಬೇಕು?

2012ರ ಅಕ್ಟೋಬರಿನಲ್ಲಿ ಇರಾನ್ ಸರ್ಕಾರಿ ಪ್ರಸಾರ ಸಂಸ್ಥೆಯ 19 ಚಾನೆಲ್‌ಗಳು ಹೋದವು. ಐರೋಪ್ಯ ಒಕ್ಕೂಟದ ನಿರ್ಬಂಧಗಳೇ ಕಾರಣ ಎಂದು ಕಂಪನಿ ಹೇಳಿತು. ಅದಕ್ಕೂ ಮುಂಚೆ ಇದೇ ಕಂಪನಿಯ ಉಪಗ್ರಹದಲ್ಲಿ ಬರುತ್ತಿದ್ದ ಬಿಬಿಸಿ ಪರ್ಷಿಯನ್ ವಾಹಿನಿಯನ್ನು ಇರಾನ್ ಕಡೆಯಿಂದ ಜಾಮ್ ಮಾಡುತ್ತಿದ್ದರು. ಅವರಿಗೆ ಆದೇಶದ ಗೊಡವೆಯೇ ಇರಲಿಲ್ಲ, ಪ್ರಬಲ ಸಂಕೇತ ಹಾರಿಸಿದರೆ ಸಾಕಿತ್ತು.

ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರಲ್ಲಿ ಪಾತ್ರಗಳೆಲ್ಲ ಅದಲುಬದಲಾದವು. ರಷ್ಯಾದ ಮೂರು ಪ್ರಮುಖ ಚಾನೆಲ್‌ಗಳನ್ನು ನಿಲ್ಲಿಸಿ ಎಂದು ಕೇಳಿದ್ದು ಪತ್ರಕರ್ತರ ಹಕ್ಕಿನ ಅದೇ ಸಂಘಟನೆ! ಯೂಟೆಲ್‌ಸ್ಯಾಟ್ ಆದೇಶಕ್ಕಾಗಿ ಕಾಯುತ್ತಿತ್ತು. ಆದೇಶ ಕೊಡಬೇಕಾದ ಫ್ರೆಂಚ್ ನಿಯಂತ್ರಕ ಸಂಸ್ಥೆ ಆರ್ಕಾಮ್, ಇದು ನನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದಿತ್ತು. ಡಿಸೆಂಬರ್ 9ರಂದು ಕೊನ್ಸೈ ದೆತಾ ಆರ್ಕಾಮ್‌ಗೆ, ಮತ್ತೊಮ್ಮೆ ಪರಿಶೀಲಿಸು ಎಂದಿತು. 14ರಂದು ಆರ್ಕಾಮ್ ಆದೇಶ ಹೊರಡಿಸಿತು, ಕಂಪನಿ ಪಾಲಿಸಿತು. ತಿಂಗಳುಗಟ್ಟಲೆ ಆಗದ್ದು ಐದು ದಿನದಲ್ಲಿ ಆಯಿತು.

ಚಾನೆಲ್ ನಿಲ್ಲಿಸುವುದೇ ಸರಿಯೇ ತಪ್ಪೇ ಎಂಬ ವಾದ ಬೇರೆ. ನಿಲ್ಲಿಸುವುದಾದರೆ ಅದು ಕಾಗದದ ಮೇಲೆ ಇರಲಿ ಎಂಬುದು ನನ್ನ ಹಟ. ನಮ್ಮ ದೇಶದ್ದೇ ಉದಾಹರಣೆ ಇದೆ. ಕೇರಳದ ಮೀಡಿಯಾವನ್ ಚಾನೆಲಿಗೆ 2022ರ ಜನವರಿ 31ರಂದು ಕೇಂದ್ರ ಸರ್ಕಾರ ಪ್ರಸಾರದ ಅನುಮತಿ ನಿರಾಕರಿಸಿತು. ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿ ಇಟ್ಟು ನ್ಯಾಯಾಲಯಕ್ಕೆ ಮಾತ್ರ ತೋರಿಸಿತು. ಆದರೂ ಆದೇಶ ಎಂಬುದೊಂದು ಕೈಯಲ್ಲಿತ್ತು. ಚಾನೆಲಿನವರು ಅದನ್ನು ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋದರು, 2023ರ ಏಪ್ರಿಲ್ 5ರಂದು ಗೆದ್ದರು.

ಮತ್ತೆ ಯೂಟೆಲ್‌ಸ್ಯಾಟ್ ವಿಷಯಕ್ಕೆ ಬಂದರೆ, 2023ರಲ್ಲಿ ಅದು ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಒನ್‌ವೆಬ್ ಕಂಪನಿಯ ಜೊತೆ ಒಂದಾಯಿತು. ನಮ್ಮ ಭಾರ್ತಿ ಸಮೂಹಕ್ಕೆ ಅದರಲ್ಲಿ ದೊಡ್ಡ ಪಾಲಿದೆ. ಮರುವರ್ಷ ಮಾರ್ಚಿನಲ್ಲಿ ಅದರ ಉಪಗ್ರಹದಲ್ಲಿ ಹೊಸ ಬಾಡಿಗೆದಾರರೊಬ್ಬರು ಸೇರಿದರು, ರಷ್ಯನ್ ಭಾಷೆಯ ಸ್ವತಂತ್ರ ಚಾನೆಲ್‌ಗಳ ಒಂದು ಕಟ್ಟು ಹೊತ್ತುಕೊಂಡು. ಬಾಡಿಗೆ ಹಿಡಿದವರು ರಿಪೋರ್ಟರ್ಸ್ ವಿತೌಟ್ ಬಾರ್ಡರ್ಸ್.

ನಮಸ್ಕಾರ.