ಎಷ್ಟರಲ್ಲಿ ಎಷ್ಟು: ಆರೋಗ್ಯದ ಮಾತಿನಲ್ಲಿ ಅಂಕಿಗಳು

ಮಾನ್ಯರೇ,

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ವೈದ್ಯರಿಗೆ ಒಂದು ಎಚ್ಚರಿಕೆಯನ್ನು ಕಳುಹಿಸಿತು. ಹೊಸ ಬಗೆಯ ಕೆಲವು ಗರ್ಭನಿರೋಧಕ ಮಾತ್ರೆಗಳನ್ನು ಸೇವಿಸುವವರಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆ ಎಂಬುದು ಅದರ ಸಾರ. ಮಾತು ಸುಳ್ಳಾಗಿರಲಿಲ್ಲ. ಆದರೆ ಲೆಕ್ಕ ಇಷ್ಟೇ ಇತ್ತು: ಹಳೆಯ ಮಾತ್ರೆ ಸೇವಿಸುವ ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಬರುತ್ತಿದ್ದ ತೊಂದರೆ, ಹೊಸದನ್ನು ಸೇವಿಸುವ ಅಷ್ಟೇ ಮಂದಿಯಲ್ಲಿ ಇಬ್ಬರಿಗೆ ಬರುತ್ತಿತ್ತು. ಜನರ ಕಿವಿಗೆ ಬಿದ್ದದ್ದು ‘ಇಮ್ಮಡಿ’ ಎಂಬ ಮಾತೊಂದೇ. ಗಾಬರಿಗೊಂಡು ಅನೇಕರು ಮಾತ್ರೆ ಬಿಟ್ಟರು, ಬೇಡದ ಬಸಿರುಗಳು ಹೆಚ್ಚಿದವು, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚುವರಿಯಾಗಿ ನಡೆದವೆಂಬ ಅಂದಾಜಿದೆ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಳಿಂದಾಗುವುದಕ್ಕಿಂತಲೂ ಹೆಚ್ಚು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆ ಎಚ್ಚರಿಕೆಯಲ್ಲಿ ಇರಬೇಕಾಗಿದ್ದದ್ದು ‘ಎಷ್ಟರಲ್ಲಿ ಎಷ್ಟು’ ಎಂಬ ಪ್ರಶ್ನೆಗೆ ಉತ್ತರ. ಯಾವ ಗುಂಪಿನಲ್ಲಿ, ಎಷ್ಟು ಜನರಲ್ಲಿ, ಎಷ್ಟು ಕಾಲದೊಳಗೆ ಎಂಬ ಮೂರನ್ನೂ ಬಿಟ್ಟು ಬರೀ ಏರಿಕೆಯನ್ನು ಹೇಳಿದರೆ, ಅದು ನಿಜವಾಗಿದ್ದರೂ ಕೇಳುವವರ ಮನಸ್ಸಿನಲ್ಲಿ ಸುಳ್ಳನ್ನೇ ಮೂಡಿಸುತ್ತದೆ.

2020ರ ಕೊನೆಯಲ್ಲಿ ಫೈಜರ್ ಮತ್ತು ಬಯೋಎನ್‌ಟೆಕ್ ಸಂಸ್ಥೆಗಳ ಕೋವಿಡ್ ಲಸಿಕೆ ಶೇ. 95ರಷ್ಟು ಪರಿಣಾಮಕಾರಿ ಎಂಬ ಸುದ್ದಿ ಬಂತು. ಹಾಗಾದರೆ ಲಸಿಕೆ ಪಡೆದ ನೂರು ಮಂದಿಯಲ್ಲಿ ಐವರಿಗೆ ಕಾಯಿಲೆ ಖಚಿತ ಎಂದುಕೊಂಡವರನ್ನು ದೂರುವಂತಿಲ್ಲ. ಶೇಕಡ ಎಂದರೆ ನೂರರಲ್ಲಿ ಇಷ್ಟು ಎಂದೇ ನಾವೆಲ್ಲ ಶಾಲೆಯಲ್ಲಿ ಕಲಿತದ್ದು. ನಡೆದದ್ದು ಬೇರೆ. ತಲಾ ಸುಮಾರು 18,000 ಜನರಿದ್ದ ಎರಡು ಗುಂಪುಗಳಲ್ಲಿ, ಲಸಿಕೆಯಿಲ್ಲದ ಚುಚ್ಚುಮದ್ದು ಪಡೆದವರ ಪೈಕಿ 162 ಮಂದಿಗೂ ಲಸಿಕೆ ಪಡೆದವರ ಪೈಕಿ 8 ಮಂದಿಗೂ ಪರೀಕ್ಷೆಯ ಆ ಕೆಲವು ತಿಂಗಳಲ್ಲಿ ಕಾಯಿಲೆ ಬಂದಿತ್ತು. 95 ಎಂಬ ಅಂಕಿ ಹುಟ್ಟಿದ್ದು 162ರ ಪಕ್ಕದಲ್ಲಿ 8ನ್ನು ಇಟ್ಟಾಗ: 8 ಎಂಬುದು 162ಕ್ಕಿಂತ ಸುಮಾರು ಶೇ. 95ರಷ್ಟು ಕಡಿಮೆ. ಈ ಎರಡು ಸಂಖ್ಯೆಗಳನ್ನು ಗುಂಪಿನ ಗಾತ್ರದೊಂದಿಗೆ ಮುಂದಿಟ್ಟರೆ, ಗಣಿತವೆಂದರೆ ಹಿಂಜರಿಯುವವರೂ ತಾವಾಗಿಯೇ ಅರ್ಥ ಮಾಡಿಕೊಳ್ಳುತ್ತಾರೆ.

ತಪಾಸಣೆಯ ಫಲಿತಾಂಶವನ್ನು ತಿಳಿಸುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಅಲ್ಲಿ ಒಬ್ಬ ವ್ಯಕ್ತಿ ವರದಿಯನ್ನು ಕೈಯಲ್ಲಿ ಹಿಡಿದು ಎದುರಿಗೆ ಕುಳಿತಿರುತ್ತಾರೆ. ಸಾವಿರ ಜನರಲ್ಲಿ ಹತ್ತು ಮಂದಿಗೆ ಒಂದು ಕಾಯಿಲೆ ಇದೆಯೆಂದು ಇಟ್ಟುಕೊಳ್ಳಿ. ತಪಾಸಣೆ ಆ ಹತ್ತರಲ್ಲಿ ಒಂಬತ್ತು ಮಂದಿಯನ್ನು ಗುರುತಿಸುತ್ತದೆ. ಕಾಯಿಲೆಯಿಲ್ಲದ 990 ಮಂದಿಯಲ್ಲಿ ನೂರಕ್ಕೆ ಒಂಬತ್ತರಂತೆ, ಅಂದರೆ ಸುಮಾರು 89 ಮಂದಿಗೂ ತಪ್ಪಾಗಿ ‘ಪಾಸಿಟಿವ್’ ಎನ್ನುತ್ತದೆ. ಒಟ್ಟು 98 ಪಾಸಿಟಿವ್ ವರದಿಗಳಲ್ಲಿ ಕಾಯಿಲೆ ಇರುವುದು 9 ಮಂದಿಗೆ. ‘ಈ ತಪಾಸಣೆ ಶೇ. 90ರಷ್ಟು ಕಾಯಿಲೆಯನ್ನು ಪತ್ತೆಹಚ್ಚುತ್ತದೆ’ ಎಂದಷ್ಟೇ ಕೇಳಿದವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ‘ನಿಮ್ಮಂಥ ವರದಿ ಬಂದ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ಕಾಯಿಲೆ ಇರುತ್ತದೆ, ಅದನ್ನು ಖಚಿತಪಡಿಸಿಕೊಳ್ಳಲು ಇನ್ನೊಂದು ಪರೀಕ್ಷೆ ಮಾಡೋಣ’ ಎಂದು ಕೇಳಿದವರು ಮುಂದಿನ ಪರೀಕ್ಷೆಗೆ ಧೈರ್ಯವಾಗಿ ಬರುತ್ತಾರೆ.

‘25ರಲ್ಲಿ ಒಬ್ಬರಿಗೆ’, ‘200ರಲ್ಲಿ ಒಬ್ಬರಿಗೆ’ ಎಂದು ಅಕ್ಕಪಕ್ಕ ಬರೆದರೆ 200 ದೊಡ್ಡದೆಂಬ ಕಾರಣಕ್ಕೇ ಎರಡನೆಯ ಅಪಾಯವನ್ನು ದೊಡ್ಡದೆಂದು ತಿಳಿಯುವವರಿದ್ದಾರೆ. 200ರಲ್ಲಿ ಎಂಟು, 200ರಲ್ಲಿ ಒಂದು ಎಂದರೆ ಆ ಗೊಂದಲವಿಲ್ಲ. ‘ಅಪರೂಪ’ ಎಂಬಂಥ ಪದಗಳನ್ನೂ ಅಂಕಿಯಿಲ್ಲದೆ ಬಿಡಬಾರದು. ಯುರೋಪಿನ ಔಷಧ ಚೀಟಿಗಳಲ್ಲಿ ‘ಸಾಮಾನ್ಯ’ ಅಡ್ಡಪರಿಣಾಮವೆಂದರೆ ನೂರರಲ್ಲಿ ಒಂದರಿಂದ ಹತ್ತು ಮಂದಿಗೆ ಆಗುವಂಥದ್ದು, ಓದುವವರು ಊಹಿಸುವುದು ಅದಕ್ಕಿಂತ ಬಹಳ ಹೆಚ್ಚು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಒಂದೇ ಪುಟದಲ್ಲಿ ಬಳಸುವ ಎರಡು ಅಳತೆಗೋಲುಗಳು. ‘ಈ ಔಷಧದಿಂದ ಹೃದಯಾಘಾತ ಶೇ. 25ರಷ್ಟು ಕಡಿಮೆಯಾಗುತ್ತದೆ, ಸಾವಿರದಲ್ಲಿ ಐವರಿಗೆ ಮಾತ್ರ ತೀವ್ರ ಅಡ್ಡಪರಿಣಾಮವಾಗಬಹುದು’ ಎಂಬ ವಾಕ್ಯವನ್ನು ಗಮನಿಸಿ. ಲಾಭಕ್ಕೆ ದೊಡ್ಡ ಅಂಕಿ, ಹಾನಿಗೆ ಸಣ್ಣ ಅಂಕಿ. ಇದನ್ನು ಒಂದೇ ಅಳತೆಗೆ ತಂದಾಗ ಹೀಗಾಗುತ್ತದೆ: ‘ಔಷಧವಿಲ್ಲದೆ ಸಾವಿರದಲ್ಲಿ 20 ಮಂದಿಗೆ ಹೃದಯಾಘಾತವಾಗುತ್ತದೆ, ಔಷಧ ಸೇವಿಸಿದ ಸಾವಿರದಲ್ಲಿ 15 ಮಂದಿಗೆ. ಅದೇ ಸಾವಿರದಲ್ಲಿ 5 ಮಂದಿಗೆ ತೀವ್ರ ಅಡ್ಡಪರಿಣಾಮವಾಗುತ್ತದೆ.’ ಐವರಿಗೆ ಲಾಭ, ಐವರಿಗೆ ಹಾನಿ. ಔಷಧ ಬೇಕೋ ಬೇಡವೋ ಎಂದು ರೋಗಿ ತನ್ನ ವೈದ್ಯರೊಂದಿಗೆ ಮಾತಾಡಬೇಕಾದದ್ದು ಈ ಎರಡನೆಯ ವಾಕ್ಯವನ್ನು ಓದಿಕೊಂಡು.