ಮಹಜರಿನಲ್ಲಿ 47 ಜೊತೆ ಮೆಟ್ಟು

ಎಲ್ಲರಿಗೂ ನಮಸ್ಕಾರ. ರೋಮನ್ನರ ನಡುವೆ ಕ್ರೈಸ್ತ ಮತ ಹೆಂಗೆ ಬೆಳೀತು ಅಂದ ತಕ್ಷಣ ನಮಗೆ ನೆನಪಾಗೋದು ಸ್ಕೂಲಲ್ಲಿ ಓದಿದ್ದ ಅದೇ ಕಥೆ, ಕಾನ್‌ಸ್ಟಂಟೈನ್ ಚಕ್ರವರ್ತಿ ಆಕಾಶದಲ್ಲಿ ಶಿಲುಬೆ ಕಂಡನಂತೆ, 312ರಲ್ಲಿ ಮಿಲ್ವಿಯನ್ ಸೇತುವೆ ಹತ್ರ ಯುದ್ಧ ಗೆದ್ದ, ಮಾರನೇ ವರ್ಷ ಕ್ರೈಸ್ತರಿಗೆ ಸ್ವಾತಂತ್ರ್ಯ ಕೊಟ್ಟ, ರಾಜ ಹೋದ ಕಡೆ ಪ್ರಜೆಗಳೂ ಹೋದ್ರು, ಮುಗೀತು. ಸುಳ್ಳೇನಲ್ಲ, ಆದ್ರೆ ಕೊನೇ ಅಂಕಕ್ಕೆ ಬಂದು ಕೂತು ಇಡೀ ನಾಟಕ ನೋಡಿದೆ ಅಂದ ಹಾಗಾಯ್ತು. ಅದಕ್ಕೂ ಮುಂಚಿನ ಇನ್ನೂರೈವತ್ತು ಚಿಲ್ಲರೆ ವರ್ಷ ಏನು ನಡೀತಿತ್ತು? ನಾನು ಇದನ್ನ ಹುಡುಕೋದು ಸಂತರ ಚರಿತ್ರೆಲಿ ಅಲ್ಲ, ಅವರನ್ನ ಹಿಡಿಯೋಕೆ ಹೋದ ಅಧಿಕಾರಿಗಳ ಕಾಗದಪತ್ರದಲ್ಲಿ. ಯಾಕಂದ್ರೆ ಮಹಜರು ಬರೆಯೋನಿಗೆ ಭಕ್ತಿ ಬೇಕಾಗಿಲ್ಲ, ಎದುರಿಗಿರೋ ಸಾಮಾನು ಎಣಿಸಿದ್ರೆ ಸಾಕು.

ಸುಮಾರು 112ನೇ ಇಸವಿ. ಇವತ್ತಿನ ಟರ್ಕಿಯ ಉತ್ತರ ಭಾಗದಲ್ಲಿ ಬಿಥಿನಿಯಾ-ಪೊಂಟಸ್ ಅನ್ನೋ ಪ್ರಾಂತ್ಯ, ಅಲ್ಲಿಗೆ ಗವರ್ನರ್ ಆಗಿ ಬಂದಿದ್ದ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೀತಾನೆ, ಸ್ವಾಮಿ ಈ ಕ್ರೈಸ್ತರನ್ನ ಏನ್ಮಾಡ್ಲಿ ಅಂತ. ನಿಜ ತಿಳ್ಕೊಳೋಕೆ ಅವರ ಸಂಘದಲ್ಲಿ ಸೇವಕಿಯರು ಅನ್ನಿಸ್ಕೊಂಡಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸ್ತಾನೆ. ಕೈಗೆ ಸಿಕ್ಕ ಮಾಹಿತಿ ಇಷ್ಟೇ: ಗೊತ್ತಾದ ದಿನ ಬೆಳಗಾಗೋಕೆ ಮುಂಚೆ ಸೇರ್ತಾರೆ, ಕ್ರಿಸ್ತನ್ನ ದೇವರು ಅಂತ ಹಾಡ್ತಾರೆ, ಕಳ್ಳತನ ಹಾದರ ಮಾಡಲ್ಲ ಅಂತ ಆಣೆ ಇಡ್ತಾರೆ, ಆಮೇಲೆ ಮತ್ತೆ ಸೇರಿ ಸಾದಾ ಊಟ ಮಾಡ್ತಾರೆ. ಇದು ಪಟ್ಟಣ ಬಿಟ್ಟು ಹಳ್ಳಿಗೂ ಹಬ್ಬಿದೆ ಅಂತಾನೆ. ಅದೇ ಪತ್ರದಲ್ಲಿ ಇನ್ನೊಂದು ಸಾಲಿದೆ, ದೇವಸ್ಥಾನದಲ್ಲಿ ಬಲಿ ಕೊಟ್ಟ ಪ್ರಾಣಿಗಳ ಮಾಂಸ ಈಗ ಮತ್ತೆ ಮಾರಾಟ ಆಗ್ತಿದೆ, ಇಲ್ಲಿವರೆಗೂ ಕೊಳ್ಳೋರೇ ಅಪರೂಪ ಆಗಿದ್ರು ಅಂತ. ನೋಡಿ, ಸಂತೇಲಿ ವ್ಯಾಪಾರ ಬಿದ್ದಾಗಲೇ ಸರ್ಕಾರಕ್ಕೆ ಬಿಸಿ ತಟ್ಟೋದು! ಟ್ರಾಜನ್ ಜಾಣ, ಹುಡುಕ್ಕೊಂಡು ಹೋಗ್ಬೇಡ, ಹೆಸರಿಲ್ಲದ ಮೂಗರ್ಜಿ ತಗೋಬೇಡ ಅಂತ ಉತ್ತರ ಕಳಿಸ್ದ.

ಮುಂದೆ 250ರ ಹೊತ್ತಿಗೆ ಡೀಸಿಯಸ್ ಅನ್ನೋ ಚಕ್ರವರ್ತಿ ಬಂದ. ಸಾಮ್ರಾಜ್ಯದಲ್ಲಿ ಎಲ್ಲರೂ ದೇವರಿಗೆ ಬಲಿ ಕೊಟ್ಟು, ಅಧಿಕಾರಿ ಮುಂದೆ ಆ ಪ್ರಸಾದ ತಿಂದು ಸರ್ಟಿಫಿಕೇಟ್ ತಗೋಬೇಕು ಅಂತ ಆರ್ಡರ್. ಆ ಪಪೈರಸ್ ಚೀಟಿಗಳು ಈಜಿಪ್ಟಿನಲ್ಲಿ ನಲವತ್ತಕ್ಕೂ ಜಾಸ್ತಿ ಸಿಕ್ಕಿವೆ, ಎಲ್ಲಾದ್ರಲ್ಲೂ ಹೆಚ್ಚುಕಮ್ಮಿ ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಅದ್ರಲ್ಲಿ ಒಂದು ಅರ್ಸಿನೊಯ್ ಊರಿನ ಮೊಸಳೆ ದೇವರ ಪೂಜಾರಿಣಿದು! ಅಲ್ಲ, ಗುಡಿ ಅರ್ಚಕರ ಕೈಲೇ ನಾನು ದೇವರಿಗೆ ಕೈಮುಗಿತೀನಿ ಅಂತ ಅಫಿಡವಿಟ್ ಬರೆಸ್ಕೊಂಡ ಹಾಗಾಯ್ತಲ್ಲ ಇದು. ಕ್ರೈಸ್ತರಲ್ಲೂ ಎಷ್ಟೋ ಜನ ಬಲಿ ಕೊಟ್ರು, ಇನ್ನು ಕೆಲವರು ಬಲಿನೂ ಕೊಡದೆ ಕೈಬಿಸಿ ಮಾಡಿ ಚೀಟಿ ತಗೊಂಡು ಬಂದ್ರು. ಇಷ್ಟಾದ್ರೂ 251ರ ಸುಮಾರಿಗೆ ರೋಮ್ ನಗರದ ಬಿಷಪ್ ಕೊರ್ನೇಲಿಯಸ್ ಒಂದು ಪತ್ರದಲ್ಲಿ ಲೆಕ್ಕ ಕೊಡ್ತಾನೆ, ನಮ್ಮಲ್ಲಿ 46 ಜನ ಪಾದ್ರಿಗಳಿದ್ದಾರೆ, 1500ಕ್ಕೂ ಹೆಚ್ಚು ವಿಧವೆಯರು, ಕಷ್ಟದಲ್ಲಿರೋರು ನಮ್ಮ ಆಸರೆಯಲ್ಲಿದ್ದಾರೆ ಅಂತ. ರೋಮಲ್ಲಿ ಸರ್ಕಾರದ ಪಡಿ ಇತ್ತು ನಿಜ, ಆದ್ರೆ ಅದು ಪಟ್ಟಿಲಿ ಹೆಸರಿರೋ ಗಂಡಸರಿಗೆ, ಗಂಡ ಸತ್ತ ಹೆಂಗಸು ಬಡವಿ ಅನ್ನೋ ಕಾರಣಕ್ಕೆ ಸಿಗ್ತಿದ್ದಲ್ಲ.

ಈಗ ನನಗೆ ತುಂಬಾ ಇಷ್ಟವಾದ ಕಾಗದ. 303ನೇ ಇಸವಿ ಮೇ 19, ಊರು ಸಿರ್ಟಾ, ಇವತ್ತಿನ ಅಲ್ಜೀರಿಯಾದಲ್ಲಿದೆ. ಕ್ರೈಸ್ತರ ಕಟ್ಟಡ ಕೆಡವಿ, ಗ್ರಂಥ ಸುಟ್ಟುಹಾಕಿ ಅಂತ ಡಯೋಕ್ಲೀಷಿಯನ್ ಆಜ್ಞೆ ಆಗಿತ್ತು. ಊರಿನ ಮುಖ್ಯಾಧಿಕಾರಿ ಮುನಾಟಿಯಸ್ ಫೆಲಿಕ್ಸ್ ಗುಮಾಸ್ತರನ್ನ ಕಟ್ಕೊಂಡು ಅವರು ಸೇರೋ ಮನೆಗೆ ಬಂದ. ಗ್ರಂಥ ಕೊಡಿ ಅಂದ್ರೆ ಬಿಷಪ್ ಪೌಲ್, ಅದು ಪಾರಾಯಣ ಮಾಡೋರ ಹತ್ರ ಇದೆ ಅಂದ. ಅವರು ಯಾರು ತೋರಿಸು. ನಿಮಗೇ ಗೊತ್ತಲ್ಲ. ನಮಗೆ ಗೊತ್ತಿಲ್ಲ. ಹಾಗಾದ್ರೆ ನಿಮ್ಮ ಆಫೀಸಿನ ಗುಮಾಸ್ತರಿಗೆ ಗೊತ್ತು ಅಂತ ಪೌಲ್ ಇಬ್ಬರ ಹೆಸರೇ ಹೇಳಿಬಿಟ್ಟ! ಅದೂ ದಾಖಲಾಗಿದೆ. ಒಂದೇ ಊರಿನ ಜನ, ದಿನಾ ಮುಖ ನೋಡೋರು, ಗೊತ್ತಿಲ್ಲದೆ ಏನು.

ಆಮೇಲೆ ಜಪ್ತಿ ಪಟ್ಟಿ ಶುರು. ಚಿನ್ನದ ಬಟ್ಟಲು ಎರಡು, ಬೆಳ್ಳಿ ಬಟ್ಟಲು ಆರು, ದೀಪಗಳು ಅಂತ ಹೋಗಿ, ಹೆಂಗಸರ ನಿಲುವಂಗಿ 82, ತಲೆವಸ್ತ್ರ 38, ಗಂಡಸರ ನಿಲುವಂಗಿ 16, ಗಂಡಸರ ಮೆಟ್ಟು 13 ಜೊತೆ, ಹೆಂಗಸರ ಮೆಟ್ಟು 47 ಜೊತೆ. ಊಟದ ಕೋಣೆ ತೆಗೆದ್ರೆ ದೊಡ್ಡ ದೊಡ್ಡ ಗುಡಾಣಗಳು. ಪುಸ್ತಕದ ಬೀರು ಮಾತ್ರ ಖಾಲಿ. ದೇವರ ಪೂಜೆಗೆ 47 ಜೊತೆ ಹೆಂಗಸರ ಮೆಟ್ಟು ಯಾಕೆ ಬೇಕು ಹೇಳಿ? ಇದು ಹಂಚೋಕೆ ಇಟ್ಟಿದ್ದ ದಾಸ್ತಾನು, ಬೇರೆ ಅರ್ಥ ನನಗಂತೂ ಹೊಳೆಯಲ್ಲ. ಆಮೇಲೆ ಮನೆಮನೆಗೆ ನುಗ್ಗಿದಾಗ ಮೇಷ್ಟ್ರೊಬ್ಬರ ಮನೇಲಿ ಎರಡು ಗ್ರಂಥ, ಇನ್ನೊಬ್ಬನ ಮನೇಲಿ ಅವನಿಲ್ಲ, ಹೆಂಡತಿನೇ ಆರು ತಂದು ಮುಂದಿಟ್ಟಳು.

ಈ ಮಹಜರು ನಮ್ಮವರೆಗೂ ಬಂದಿದ್ದು ಹೆಂಗೆ ಅಂದ್ರೆ ಒಳಜಗಳದಿಂದ. ಅವತ್ತು ಬೆಳ್ಳಿ ಸಾಮಾನು ಅಧಿಕಾರಿ ಕೈಗೆ ಎತ್ತಿಕೊಟ್ಟಿದ್ದ ಸಿಲ್ವಾನಸ್ ಅನ್ನೋನೇ ಮುಂದೆ ಸಿರ್ಟಾದ ಬಿಷಪ್ ಆಗಿ ಕೂತ, ಅವನ ಕೈಕೆಳಗಿನವನೇ ತಿರುಗಿಬಿದ್ದು ಇವನು ದ್ರೋಹಿ ಅಂತ ದೂರು ಕೊಟ್ಟ. 320ರಲ್ಲಿ ಗವರ್ನರ್ ಝೆನೊಫಿಲಸ್ ಮುಂದೆ ವಿಚಾರಣೆ, 17 ವರ್ಷದ ಹಳೇ ಕಾಗದ ತೆಗೆದು ಓದಿದ್ರು. ಅಷ್ಟೊತ್ತಿಗೆ ಕಾನ್‌ಸ್ಟಂಟೈನ್ ಕಾಲ ಬಂದಾಗಿತ್ತು, ಅವನ ಕಾಲದಲ್ಲೇ ಊರಿನ ಹೆಸರೂ ಅವನದೇ ಆಯ್ತು. ವಿಚಾರಣೇಲಿ ಒಂದೊಂದೇ ಹೊರಗೆ ಬಂತು, ಅಗಸನೊಬ್ಬ ಪಾದ್ರಿ ಆಗೋಕೆ ದುಡ್ಡು ಕೊಟ್ಟಿದ್ದು, ಲುಸಿಲ್ಲಾ ಅನ್ನೋ ಸಾಹುಕಾರ್ತಿ ಕೊಟ್ಟ 400 ಥೈಲಿ ಹಣ ಬಿಷಪ್ಪುಗಳೇ ಹಂಚ್ಕೊಂಡಿದ್ದು. ಹಿಂದೆ ಇದೇ ಊರಲ್ಲಿ ಸರ್ಕಾರದವರು ಬಂದು ಆ 82 ಅಂಗಿ ಎಣಿಸಿ ಬರ್ಕೊಂಡಿದ್ರು, ಈಗ ಸರ್ಕಾರದ ಗವರ್ನರೇ ಕೂತು ಕೇಳ್ತಿದ್ದಾನೆ, ಆ ದುಡ್ಡಲ್ಲಿ ಮುದುಕಿಯರಿಗೆ ಏನಾದ್ರೂ ಸಿಕ್ತಾ ಅಂತ. ಸಾಕ್ಷಿ ಹೇಳ್ದ, ಏನೂ ಸಿಗಲಿಲ್ಲ.