ರೆಬೆಲ್ ಯೆಲ್, ರೇಸರ್ 75 ಮತ್ತು ನಮ್ಮ ಫ್ರೇಜರ್‌ಪೇಟೆ

ಕೇಳುಗರಿಗೆ ನಮಸ್ಕಾರ.

ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ಮಡಿಕೇರಿಯ ಮಕ್ಕಳಿಗೆ ಬಹಳ ಕಾಲ ರೈಲು ಅಂದರೆ ರಾಜಾಸೀಟಿನ ಪಕ್ಕದ ಪುಟಾಣಿ ರೈಲು, ಅಷ್ಟೇ. ಅಂಥ ಊರಿನಲ್ಲಿ ಕೂತು ಅಮೆರಿಕದ ರೋಲರ್ ಕೋಸ್ಟರ್ ಒಂದರ ಹೆಸರಿನ ಜಗಳ ನಿಮಗ್ಯಾಕೆ ಅಂತ ನೀವು ಕೇಳಬಹುದು. ಹೆಸರು ಬದಲಾಯಿಸುವ ವಿಚಾರದಲ್ಲಿ ನಮಗೆ ಅನುಭವ ಕಡಿಮೆ ಇಲ್ಲ ನೋಡಿ. ಮರ್ಕೆರಾ ಮತ್ತೆ ಮಡಿಕೇರಿ ಆಯಿತು. ಫ್ರೇಜರ್‌ಪೇಟೆ ಕುಶಾಲನಗರ ಆಯಿತು. ಕೂರ್ಗ್ ಕೊಡಗು ಆಯಿತು. ಆಯಿತು ಅಂದೆ, ಹೋಂಸ್ಟೇ ಬೋರ್ಡುಗಳಲ್ಲಿ ಇನ್ನೂ ಆಗಿಲ್ಲ.

ವಿಷಯಕ್ಕೆ ಬರುತ್ತೇನೆ. ವರ್ಜೀನಿಯಾ ರಾಜ್ಯದಲ್ಲಿ, ರಿಚ್‌ಮಂಡ್ ನಗರದಿಂದ ಉತ್ತರಕ್ಕೆ, ಕಿಂಗ್ಸ್ ಡೊಮಿನಿಯನ್ ಅಂತ ಒಂದು ಮನೋರಂಜನಾ ಪಾರ್ಕಿದೆ. ಪಾರ್ಕು ಶುರುವಾದ 1975ರಿಂದಲೂ ಅಲ್ಲೊಂದು ಮರದ ರೋಲರ್ ಕೋಸ್ಟರ್ ಇದೆ. ಅಕ್ಕಪಕ್ಕ ಎರಡು ಹಳಿ, ಎರಡು ಗಾಡಿ. ಎರಡನ್ನೂ ಒಟ್ಟಿಗೆ ಬಿಡುತ್ತಾರೆ, ಮೊದಲು ಬಂದ ಗಾಡಿ ಗೆದ್ದ ಹಾಗೆ. ಗಾಡಿಗೆ ಎಂಜಿನ್ ಇಲ್ಲ. ಒಂದು ಸರಪಳಿ ಅದನ್ನು ಸುಮಾರು 85 ಅಡಿ ಎತ್ತರಕ್ಕೆ ಎಳೆದು ಬಿಡುತ್ತದೆ. ಹತ್ತುವಾಗ ಟಕ ಟಕ ಟಕ ಅಂತ ಒಂದು ಸದ್ದು ಬರುತ್ತದಲ್ಲ, ಅದು ಗಾಡಿ ಹಿಂದಕ್ಕೆ ಜಾರದಂತೆ ಹಲ್ಲುಪಟ್ಟಿಯ ಮೇಲೆ ಒಂದೊಂದಾಗಿ ಬೀಳುವ ಕಬ್ಬಿಣದ ನಾಲಗೆಯ ಸದ್ದು. ತುದಿ ದಾಟಿದ ಮೇಲೆ ಉಳಿದದ್ದೆಲ್ಲ ಭೂಮಿಯ ಸೆಳೆತದ ಕೆಲಸ. ತೂಕದ ಗಾಡಿ ತುಸು ಮುಂದೆ ಓಡುತ್ತದೆ. ಪಂದಿಕರಿ ಕಡುಬು ಹೊಡೆದು ಹೋದ ತಂಡಕ್ಕೆ ಅನುಕೂಲ ಅನ್ನಿ.

ಈ ಸವಾರಿಗೆ ನಲವತ್ತಕ್ಕೂ ಹೆಚ್ಚು ವರ್ಷ ಇದ್ದ ಹೆಸರು ರೆಬೆಲ್ ಯೆಲ್. ಬಂಡುಕೋರರ ಕೇಕೆ. ಕೇಳುವುದಕ್ಕೆ ರೋಲರ್ ಕೋಸ್ಟರಿಗೆ ಹೇಳಿ ಮಾಡಿಸಿದ ಹೆಸರು. ಆದರೆ ಆ ಕೇಕೆ ಯಾರದ್ದು? 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಬೇಕು ಅಂತ ಒಕ್ಕೂಟ ಬಿಟ್ಟು ಹೊರಟ ದಕ್ಷಿಣದ ರಾಜ್ಯಗಳ ಸೈನಿಕರು ದಾಳಿಗೆ ನುಗ್ಗುವಾಗ ಹಾಕುತ್ತಿದ್ದ ಕೇಕೆ ಅದು. ಆ ರಾಜ್ಯಗಳು ರಾಜಧಾನಿ ಮಾಡಿಕೊಂಡದ್ದು ಇದೇ ರಿಚ್‌ಮಂಡನ್ನು.

2017ರ ಆಗಸ್ಟಿನಲ್ಲಿ ಅದೇ ವರ್ಜೀನಿಯಾದ ಷಾರ್ಲಟ್ಸ್‌ವಿಲ್ ಊರಿನಲ್ಲಿ, ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಪ್ರತಿಮೆಯ ವಿವಾದ ಬೀದಿಗೆ ಬಂದು ಹಿಂಸೆಗೆ ತಿರುಗಿತು, ಒಬ್ಬ ಮಹಿಳೆ ಸತ್ತಳು. 2018ರಲ್ಲಿ ಪಾರ್ಕಿನವರು ರೆಬೆಲ್ ಯೆಲ್ ಅನ್ನು ರೇಸರ್ 75 ಮಾಡಿದರು. 75 ಅಂದರೆ ಪಾರ್ಕು ತೆರೆದ ವರ್ಷ. ಆ ಗಲಭೆಗೂ ಈ ಹೆಸರು ಬದಲಾವಣೆಗೂ ಸಂಬಂಧ ಇದೆಯೋ ಇಲ್ಲವೋ ನೀವೇ ಲೆಕ್ಕ ಹಾಕಿ.

ಅಭಿಮಾನಿಗಳಲ್ಲಿ ಎರಡು ಪಂಗಡ ಆಯಿತು. ಇತಿಹಾಸ ಅಳಿಸುತ್ತಿದ್ದಾರೆ, ನಮ್ಮ ಬಾಲ್ಯ ಕಿತ್ತುಕೊಳ್ಳುತ್ತಿದ್ದಾರೆ, ಆಟದ ಸಾಮಾನಿಗೂ ರಾಜಕೀಯವೇ ಅಂತ ಒಂದು ಕಡೆಯವರು. ಇಷ್ಟು ದಿನ ಯಾಕೆ ಇಟ್ಟುಕೊಂಡಿದ್ದಿರಿ ಅಂತ ಇನ್ನೊಂದು ಕಡೆಯವರು. ಬಾಲ್ಯದ ಮಾತು ನನಗೆ ಅರ್ಥವಾಗುತ್ತದೆ. ಅಪ್ಪನ ಪಕ್ಕ ಕೂತು ಮೊದಲ ಸಲ ಕಿರುಚಿದವರು ಆಮೇಲೆ ಮಗಳನ್ನು ಪಕ್ಕ ಕೂರಿಸಿಕೊಂಡು ಕಿರುಚಿದ್ದಾರೆ. ಅವರಿಗೆ ಯುದ್ಧದ ನೆನಪೂ ಇರಲಿಲ್ಲ, ಯಾರನ್ನೋ ನೋಯಿಸುವ ಉದ್ದೇಶವೂ ಇರಲಿಲ್ಲ.

ಇತಿಹಾಸ ಅಳಿಸುತ್ತಾರೆ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೊಡಗಿನವರು ಒಪ್ಪುವುದು ಕಷ್ಟ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ ಕಂಪೆನಿಯವರು ಕೊಡಗನ್ನು ತೆಗೆದುಕೊಂಡರು. ಆಗ ಇಲ್ಲಿ ಕಂಪೆನಿಯ ಅಧಿಕಾರಿಯಾಗಿದ್ದ ಕರ್ನಲ್ ಫ್ರೇಜರ್ ಹೆಸರು ಕಾವೇರಿ ದಡದ ಪೇಟೆಗೆ ಬಿತ್ತು. ಈಗ ಆ ಹೆಸರು ಫಲಕದಲ್ಲಿಲ್ಲ. ಹಾಗಂತ 1834 ಮರೆತು ಹೋಯಿತೇ? ಮಡಿಕೇರಿಯಲ್ಲಿ ರಾಜರ ಗದ್ದುಗೆಗಳು, ಅಂದರೆ ಸಮಾಧಿಗಳು, ಇವೆ. ಕೋಟೆ ಇದೆ, ಕೋಟೆಯೊಳಗೆ ಬ್ರಿಟಿಷರು ಕಟ್ಟಿದ ಚರ್ಚು ಇವತ್ತು ವಸ್ತುಸಂಗ್ರಹಾಲಯ ಆಗಿದೆ. ಹಳಬರ ಬಾಯಲ್ಲಿ ಫ್ರೇಜರ್‌ಪೇಟೆ ಈಗಲೂ ಬರುತ್ತದೆ, ಯಾರೂ ತಡೆಯುವುದಿಲ್ಲ. ಇತಿಹಾಸ ಬೇಕಾದವರಿಗೆ ಅದು ಸಿಗುವ ಜಾಗಗಳು ಬೇರೆ. ಟಿಕೆಟ್ ತೆಗೆದುಕೊಂಡು ಐಸ್‌ಕ್ರೀಮ್ ಹಿಡಿದು ಸಾಲಿನಲ್ಲಿ ನಿಲ್ಲುವ ಜಾಗದಲ್ಲಿ ಅದನ್ನು ಯಾರೂ ಓದುವುದಿಲ್ಲ.

ಬಂಡುಕೋರ ಅನ್ನುವುದು ಒಳ್ಳೆಯ ಮಾತೇ ಅಲ್ಲವೇ, ನಮ್ಮ ಅಪ್ಪಯ್ಯಗೌಡರೂ ಬಂಡುಕೋರರೇ ಅಲ್ಲವೇ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 1837ರಲ್ಲಿ ಕಂಪೆನಿಯ ವಿರುದ್ಧ ಎದ್ದವರು ಗುಡ್ಡೆಮನೆ ಅಪ್ಪಯ್ಯಗೌಡರು. ಅವರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು. ಇವತ್ತು ಅವರ ಪ್ರತಿಮೆ ಊರಿನಲ್ಲಿದೆ, ಹಾರ ಬೀಳುತ್ತದೆ. ಆ ದಂಗೆಯನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ದಂಗೆ ಎದ್ದದ್ದು ಯಾತಕ್ಕೆ ಅಂತ ಕೇಳಬೇಕಲ್ಲ. ಇಲ್ಲಿ ಎದ್ದದ್ದು ಹೊರಗಿನಿಂದ ಬಂದು ಆಳಿದವರ ಮೇಲೆ. ಅಲ್ಲಿ ಎದ್ದದ್ದು ಮನುಷ್ಯರನ್ನು ಕೊಳ್ಳುವ, ಮಾರುವ ಹಕ್ಕು ಕೈಬಿಟ್ಟು ಹೋದೀತು ಅಂತ. ಹಾಗೆ ಮಾರಾಟವಾದವರ ಮರಿಮಕ್ಕಳು ರಿಚ್‌ಮಂಡಿನ ಸುತ್ತಮುತ್ತ ಇದ್ದಾರೆ, ಅವರ ಮಕ್ಕಳೂ ರಜೆಯಲ್ಲಿ ಅದೇ ಪಾರ್ಕಿಗೆ ಹೋಗುತ್ತಾರೆ. ದುಡ್ಡು ಕೊಟ್ಟು, ಬೆಲ್ಟು ಹಾಕಿಕೊಂಡು, ತಮ್ಮ ಮುತ್ತಜ್ಜನನ್ನು ಕಟ್ಟಿಹಾಕಿದ ಪಾಳೆಯದ ಕೇಕೆಯನ್ನು ತಾವೂ ಹಾಕಬೇಕು. ನನಗೆ ಅಲ್ಲಿಗೆ ವಾದ ಮುಗಿಯಿತು. ಬದಲಾಯಿಸಿದ್ದು ಸರಿ.

ಹೆಸರಿಗಾಗಿ ಇಷ್ಟು ಕಣ್ಣೀರು ಹಾಕುವವರು ಬೇರೆ ಸಲ ಎಲ್ಲಿದ್ದರು ಅನ್ನುವುದನ್ನೂ ನೋಡಬೇಕು. ಓಹಾಯೋದಲ್ಲಿ ಕಿಂಗ್ಸ್ ಐಲೆಂಡ್ ಅಂತ ಇದರದ್ದೇ ಅಕ್ಕನಂಥ ಪಾರ್ಕು. ಅಲ್ಲಿ 1993ರಲ್ಲಿ ಬಂದ ಒಂದು ಕೋಸ್ಟರಿಗೆ ಮೊದಲು ಒಂದು ಸಿನಿಮಾದ ಹೆಸರು, ಯಾಕೆಂದರೆ ಪಾರ್ಕು ಆಗ ಸಿನಿಮಾ ಕಂಪೆನಿಯ ಕೈಯಲ್ಲಿತ್ತು. ಮಾಲೀಕರು ಬದಲಾದರು, ಅದು ಫ್ಲೈಟ್ ಡೆಕ್ ಆಯಿತು. 2014ರಲ್ಲಿ ದ ಬ್ಯಾಟ್ ಆಯಿತು. ಒಂದೇ ಗಾಡಿ, ಮೂರು ಹೆಸರು. ಅಲ್ಲಿ ಇತಿಹಾಸ ಅಳಿಯಿತು ಅಂತ ದೊಡ್ಡ ಗಲಾಟೆ ಏಳಲಿಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ 1994ರಲ್ಲಿ ತೆರೆದ ದೊಡ್ಡ ಕೋಸ್ಟರಿಗೆ ತಂಪುಪಾನೀಯದ ಹೆಸರು ಸೇರಿಸಿ ಪೆಪ್ಸಿ ಮ್ಯಾಕ್ಸ್ ಬಿಗ್ ಒನ್ ಅಂದರು. ಪ್ರಾಯೋಜಕರು ಹೋದ ಮೇಲೆ ಬಿಗ್ ಒನ್ ಅಷ್ಟೇ ಉಳಿಯಿತು. ಇಷ್ಟು ದೂರ ಯಾಕೆ, ನಮ್ಮ ಮಾಕುಟ್ಟ ಘಾಟಿ ಇಳಿದು ಕೊಚ್ಚಿಗೆ ಹೋದರೆ 2000ದಲ್ಲಿ ತೆರೆದ ವೀಗಾಲ್ಯಾಂಡ್ ಇತ್ತಲ್ಲ, ಈಗ ಅದು ಬಿಡದಿಯ ಪಾರ್ಕಿನ ಹಾಗೆಯೇ ವಂಡರ್‌ಲಾ. ಪಾರ್ಕಿನವರು ವ್ಯಾಪಾರಕ್ಕಾಗಿ ಬದಲಾಯಿಸಿದರೆ ಒಪ್ಪುತ್ತೇವೆ, ಗಿರಾಕಿಯ ಮರ್ಯಾದೆಗಾಗಿ ಬದಲಾಯಿಸಿದರೆ ಮಾತ್ರ ಸಂಸ್ಕೃತಿ ನೆನಪಾಗುತ್ತದೆ. ಇದು ನನಗೆ ವಿಚಿತ್ರ ಅನ್ನಿಸುತ್ತದೆ.

ಹೆಸರು ತಿದ್ದುವುದಕ್ಕೆ ಕೊನೆ ಎಲ್ಲಿ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಅಳತೆಗೋಲು ಇಲ್ಲ. ಕುಶಾಲನಗರದ ಜಾತ್ರೆಗೆ ಬರುವ ತೂಗಾಡುವ ದೊಡ್ಡ ದೋಣಿಯನ್ನು ನೋಡಿ. ತುದಿಯ ಸೀಟೇ ಬೇಕು ಅಂತ ಹುಡುಗರು ಜಗಳ ಆಡುತ್ತಾರೆ, ಟಿಕೆಟಿನವನು ಮೈಕಿನಲ್ಲಿ ‘ಕೊಲಂಬಸ್, ಕೊಲಂಬಸ್’ ಅಂತ ಕೂಗುತ್ತಾನೆ. ಅಮೆರಿಕದಲ್ಲಿ ಆ ಕೊಲಂಬಸ್ ಹೆಸರಿಗೇ ದೊಡ್ಡ ತಕರಾರಿದೆ, 2020ರಲ್ಲಿ ಅವನ ಪ್ರತಿಮೆಗಳನ್ನು ಉರುಳಿಸಿದ್ದೂ ಉಂಟು. ನಮ್ಮ ಜಾತ್ರೆಯಲ್ಲಿ ಅದರಿಂದ ನೋಯುವವರು ಯಾರೂ ಇಲ್ಲ. ಅದು ಇರಲಿ ಬಿಡಿ. ಒಂದು ಹೆಸರು ಯಾವ ಊರಿನಲ್ಲಿ, ಯಾರ ಎದುರಿಗೆ ನಿಂತಿದೆ ಅನ್ನುವುದರ ಮೇಲೆ ಹೋಗುತ್ತದೆ.

ಹೊಸ ಹೆಸರಿನ ಬಗ್ಗೆ ನನಗೆ ತಕರಾರಿದೆ. ರೇಸರ್ 75. ಮೋಟಾರ್ ಸೈಕಲ್ ಮಾಡೆಲ್ ನಂಬರಿನ ಹಾಗಿದೆ. ತಪ್ಪಿಲ್ಲ, ಆದರೆ ರುಚಿಯೂ ಇಲ್ಲ. ಯಾರೂ ಬೈಯಬಾರದು ಅಂತ ಇಟ್ಟ ಹೆಸರುಗಳೆಲ್ಲ ಹೀಗೇ ಇರುತ್ತವೆ. ಜನ ತಾವಾಗಿ ಹಚ್ಚಿಕೊಳ್ಳುವ ಹೆಸರಿನ ಗತ್ತೇ ಬೇರೆ. ನಮ್ಮ ಮಾಂದಲಪಟ್ಟಿಯನ್ನು ಒಂದು ಸಿನಿಮಾ ಮುಗಿಲುಪೇಟೆ ಅಂತ ತೋರಿಸಿತು. ಯಾವ ಗೆಜೆಟ್ಟೂ ಹೊರಡಲಿಲ್ಲ, ಜೀಪಿನವರೇ ಆ ಹೆಸರು ಹಿಡಿದುಕೊಂಡರು. ಎರಡೂ ಹೆಸರು ಈಗ ಒಂದೇ ಗುಡ್ಡ ಹತ್ತುತ್ತವೆ.

ಆ ಹಳೆಯ ಅಭಿಮಾನಿಗಳಿಗೆ ನನ್ನದೊಂದು ಸಲಹೆ ಇದೆ. ಹಿಂದೆ ಹಲವು ವರ್ಷ ಆ ಎರಡು ಗಾಡಿಗಳಲ್ಲಿ ಒಂದನ್ನು ಹಿಮ್ಮುಖವಾಗಿ ಓಡಿಸುತ್ತಿದ್ದರು. ಇಳಿಜಾರು ಎಲ್ಲಿ ಬರುತ್ತದೆ ಅಂತ ಕಾಣುವುದೇ ಇಲ್ಲ, ಬೆನ್ನು ಮೊದಲು ಬೀಳುತ್ತದೆ. ಅದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಹೋರಾಟ ಮಾಡುವುದಿದ್ದರೆ ಅದಕ್ಕೆ ಮಾಡಲಿ, ನಾನೂ ಸಹಿ ಹಾಕುತ್ತೇನೆ.

ನಮಸ್ಕಾರ.